ಸೊಪ್ಪಿನ ಮೇಲೆ ಹೊರಿಸಿದ ಹೊಣೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಊಟವೆಂದರೆ ಮುದ್ದೆ. ಮುದ್ದೆಗೆ ಜೊತೆಯಾಗಿ ಬಸ್ಸಾರು, ಇಲ್ಲವೆ ಮಸ್ಸೊಪ್ಪು. ಸೊಪ್ಪು ತಿನ್ನುವವರ ಹತ್ತಿರ ಲಿವರ್ ಕ್ಯಾನ್ಸರ್ ಸುಳಿಯದು ಎಂಬ ಮಾತು ಈಗ ಧಾರಾಳವಾಗಿ ಓಡಾಡುತ್ತಿರುವುದರಿಂದ, ಈ ಊಟವನ್ನೇ ಒರೆಗೆ ಹಚ್ಚಿ ನೋಡಬೇಕಾಗಿದೆ. ಅಡುಗೆಯ ಕ್ರಮವಾಗಿ ಬಸ್ಸಾರಿಗೆ ಪೂರ್ತಿ ಅಂಕ ಕೊಡಬಹುದು. ದಂಟು, ಕೀರೆ, ಸಬ್ಬಸಿಗೆ ಅಥವಾ ಹೊಲದಲ್ಲಿ ಸಿಕ್ಕ ಬೆರಕೆ ಸೊಪ್ಪನ್ನು ಬೇಳೆಯೊಂದಿಗೋ ಅವರೆಕಾಳಿನೊಂದಿಗೋ ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ಕಟ್ಟು ಖಾರ, ಹುಣಸೆ ಸೇರಿ ಸಾರಾಗುತ್ತದೆ; ಉಳಿದ ಸೊಪ್ಪು, ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಬೇಯುವಾಗ ನೀರಿಗಿಳಿದ ಫೋಲೇಟ್ ಹೀಗೆ ಬಚ್ಚಲು ಸೇರದೆ ತಟ್ಟೆಗೇ ಬರುತ್ತದೆ. ಕ್ಯಾರೊಟೀನ್ ಮೈಗೆ ಹತ್ತಲು ಬೇಕಾದ ಎಣ್ಣೆ ಒಗ್ಗರಣೆಯಲ್ಲಿದೆ. ಹುಳಿಯೆಲ್ಲ ಸಾರಿನ ಪಾಲಾಗುವುದರಿಂದ ಪಲ್ಯದ ಹಸಿರು ಹೆಚ್ಚು ಕಂದುವುದಿಲ್ಲ. ಹುಳಿಯಲ್ಲಿ ಕುದಿದ ಪತ್ರಹರಿತ್ತು ಮೆಗ್ನೀಸಿಯಂ ಕಳೆದುಕೊಂಡು ಮಾಸಲಾಗುತ್ತದೆ, ಮಸ್ಸೊಪ್ಪಿನ ಬಣ್ಣ ಬರುವುದು ಹಾಗೆ. ಇಷ್ಟು ಜಾಣತನದ ಅಡುಗೆಗೆ ಹೊಗಳಿಕೆ ಸಲ್ಲಬೇಕಾದ್ದೇ. ಆದರೆ ಅದರ ಮೇಲೆ ಹೊರಿಸುತ್ತಿರುವ ಹೊಣೆ ಅದು ಹೊರುವಂಥದ್ದಲ್ಲ.

ಸೊಪ್ಪಿನ ಪರವಾಗಿರುವ ಪುರಾವೆ ಪೊಳ್ಳೇನಲ್ಲ. 2014ರಲ್ಲಿ ‘ಗ್ಯಾಸ್ಟ್ರೋಎಂಟರಾಲಜಿ’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು 19 ಅಧ್ಯಯನಗಳನ್ನು, ಸುಮಾರು 13 ಲಕ್ಷ ಜನರ ವಿವರಗಳನ್ನು ಒಟ್ಟುಗೂಡಿಸಿತು. ದಿನಕ್ಕೆ 100 ಗ್ರಾಂ ತರಕಾರಿ ಹೆಚ್ಚು ತಿಂದರೆ ಲಿವರ್ ಕ್ಯಾನ್ಸರಿನ ಅಪಾಯ ಶೇಕಡಾ 8ರಷ್ಟು ಕಡಿಮೆ ಕಂಡಿತು. ಹಣ್ಣಿನಲ್ಲಿ ಆ ಗುಣ ಕಾಣಲಿಲ್ಲ. ಚೀನಾದ ಚಿಡಾಂಗ್‌ನಲ್ಲಿ, ಬೂಸ್ಟು ಹಿಡಿದ ಧಾನ್ಯದ ಅಫ್ಲಾಟಾಕ್ಸಿನ್ ವಿಷ ಜನರ ಲಿವರನ್ನು ಹಾಳುಮಾಡುತ್ತಿದ್ದ ಕಡೆ, 180 ಜನರ ಮೇಲೆ ನಾಲ್ಕು ತಿಂಗಳ ಪ್ರಯೋಗ ನಡೆಯಿತು. ಪತ್ರಹರಿತ್ತಿನಿಂದ ತಯಾರಿಸಿದ ಕ್ಲೋರೊಫಿಲಿನ್ ಮಾತ್ರೆ ನುಂಗಿದವರ ಮೂತ್ರದಲ್ಲಿ ಆ ವಿಷ ಡಿಎನ್‌ಎಗೆ ಮಾಡಿದ ಹಾನಿಯ ಗುರುತು ಶೇಕಡಾ 55ರಷ್ಟು ಕಡಿಮೆಯಾಗಿತ್ತು ಎಂದು 2001ರ ವರದಿ ಹೇಳಿತು. ಸೊಪ್ಪಿನ ಮಹಿಮೆ ಬರೆಯುವವರು ಮತ್ತೆ ಮತ್ತೆ ಎತ್ತುವ ಪ್ರಯೋಗ ಇದು. ಅದರಲ್ಲಿ ಅಳೆದದ್ದು ಕ್ಯಾನ್ಸರನ್ನಲ್ಲ, ಹಾನಿಯ ಗುರುತನ್ನು. ಕೊಟ್ಟದ್ದು ಸೊಪ್ಪನ್ನಲ್ಲ, ಮಾತ್ರೆಯನ್ನು. ಇನ್ನು ಶೇಕಡಾ 8ರ ಲೆಕ್ಕಕ್ಕೂ ಒಂದು ತೊಡಕಿದೆ. ತರಕಾರಿ ಹೆಚ್ಚು ತಿನ್ನುವವರು ಎಷ್ಟೋ ಕಡೆ ಕುಡಿಯುವುದೂ ಸೇದುವುದೂ ಕಡಿಮೆ. ಲಾಭ ಸೊಪ್ಪಿನದೋ ಆ ಬದುಕಿನದೋ ಎಂದು ಬಿಡಿಸಿ ಹೇಳುವುದು ಕಷ್ಟ. ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಬಸ್ಸಾರು ಕುಡಿಯದವರ ಮನೆಯಲ್ಲೂ ಬೇಯುತ್ತದೆ, ಕುಡಿಯುವವರ ಮನೆಯಲ್ಲೂ ಬೇಯುತ್ತದೆ. ಹೊರಗಿನ ಅಂಕಿಯನ್ನು ಹಾಗೆಯೇ ತಂದು ಇಲ್ಲಿಗೆ ಹೊಂದಿಸಲಾಗದು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2015ರಲ್ಲಿ ಪುರಾವೆಗಳನ್ನೆಲ್ಲ ತೂಗಿದಾಗ ಮದ್ಯ, ಬೊಜ್ಜು, ಅಫ್ಲಾಟಾಕ್ಸಿನ್ ಅಪಾಯ ಹೆಚ್ಚಿಸುತ್ತವೆ, ಕಾಫಿ ತಗ್ಗಿಸುತ್ತದೆ ಎಂಬುದಕ್ಕೆ ಬಲವಾದ ಆಧಾರ ಕಂಡಿತು. ತರಕಾರಿಯ ಬಗ್ಗೆ ಅಂಥ ತೀರ್ಮಾನಕ್ಕೆ ಬರಲಿಲ್ಲ. ಸಕಲೇಶಪುರದ ಕಾಫಿಗಿರುವಷ್ಟು ಸಾಕ್ಷಿ ಅರಕಲಗೂಡಿನ ದಂಟಿನ ಸೊಪ್ಪಿಗೆ ಇನ್ನೂ ಸಿಕ್ಕಿಲ್ಲ.

ಪ್ರಮಾಣದ ಪ್ರಶ್ನೆಯೂ ಇದೆ. ಅಧ್ಯಯನ ಹೇಳಿದ್ದು ದಿನಕ್ಕೆ 100 ಗ್ರಾಂ. ವಾರಕ್ಕೆರಡು ಸಲ ಬಸ್ಸಾರು, ಮುದ್ದೆಯ ಪಕ್ಕ ಒಂದು ಸೌಟು ಪಲ್ಯ ಎಂದರೆ ಅಷ್ಟಾಗುವುದಿಲ್ಲ. ಸೊಪ್ಪಿನಿಂದ ಲಿವರಿಗೆ ಆಗಬಹುದಾದ ದೊಡ್ಡ ಉಪಕಾರ, ನನ್ನ ಅಂದಾಜಿನಲ್ಲಿ, ಅದು ತಟ್ಟೆಯಲ್ಲಿ ಹಿಡಿಯುವ ಜಾಗದಿಂದ: ಪಲ್ಯ ಹೆಚ್ಚಾದಷ್ಟೂ ಅನ್ನ, ಕರಿದದ್ದು, ಸಿಹಿ ತಗ್ಗಿ, ಲಿವರಿನಲ್ಲಿ ಕೊಬ್ಬು ಕೂಡುವುದಕ್ಕೆ ತಡೆ ಬೀಳುತ್ತದೆ. ಆದರೆ ಆ ಜಾಗ ತುಂಬುವಷ್ಟು ಸೊಪ್ಪು ಬರಬೇಕಲ್ಲ! ರಾಗಿ ಹೊಲದ ಸಾಲುಗಳ ನಡುವೆ, ಬದುಗಳ ಮೇಲೆ ತಾನಾಗಿ ಹುಟ್ಟುತ್ತಿದ್ದ ಅಣ್ಣೆ ಸೊಪ್ಪು, ಹೊನಗೊನ್ನೆ ಕಳೆನಾಶಕ ಬಿದ್ದ ಹೊಲದಲ್ಲಿ ಉಳಿಯುವುದಿಲ್ಲ. ಅಂಗಮಾರಿಗೆ ಹೆದರಿ ಮತ್ತೆ ಮತ್ತೆ ಔಷಧಿ ಹೊಡೆಯುವ ಆಲೂಗಡ್ಡೆ ಹೊಲದ ಬದುವಿನಿಂದ ಸೊಪ್ಪು ಕೊಯ್ಯುವುದು ಕ್ಷೇಮವಲ್ಲ. ವಿಷದ ಭಯಕ್ಕೆ ಸೊಪ್ಪನ್ನೇ ಬಿಡಬೇಕೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಹಿತ್ತಿಲಿನ ನುಗ್ಗೆಮರ ಔಷಧಿ ಕೇಳುವುದಿಲ್ಲ. ದಂಟು ಬಿತ್ತಿದರೆ ತಿಂಗಳೊಪ್ಪತ್ತಿನಲ್ಲಿ ಕೊಯ್ಲಿಗೆ ಬರುತ್ತದೆ.

ಸೊಪ್ಪು ತಿಂದರೆ ಕೆಡುಕೇನೂ ಇಲ್ಲವಲ್ಲ, ತಿನ್ನಲಿ ಬಿಡಿ, ಇಷ್ಟೊಂದು ಅಳೆದು ಸುರಿಯುವುದೇಕೆ ಎಂದು ಕೇಳುವವರಿದ್ದಾರೆ. ಊಟದ ಸೊಪ್ಪಿಗೆ ಆ ಮಾತು ಸರಿ. ಆದರೆ ಲಿವರಿಗೆ ಒಳ್ಳೆಯದು ಎಂಬ ಹೆಸರು ಬಿದ್ದ ಕೂಡಲೇ ಸೊಪ್ಪು ಊಟ ಬಿಟ್ಟು ಔಷಧಿಯಾಗುತ್ತದೆ, ಅಪಾಯ ಅಲ್ಲಿಂದ ಶುರು. ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವ ರೂಢಿ ಹಳೆಯದು. 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಮದ್ರಾಸಿನ ಅಧ್ಯಯನವೊಂದು ನೆಲನೆಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಿಂದ ತೊಲಗಿಸಿತೆಂದು ಹೇಳಿ ದೊಡ್ಡ ಆಸೆ ಹುಟ್ಟಿಸಿತ್ತು, ಮುಂದಿನ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರಿಗೇ ಪೆಟ್ಟಾದದ್ದನ್ನು ದಾಖಲಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲವಾದರೂ, ಎಚ್ಚರ ವಹಿಸಲು ಅಷ್ಟು ಸಾಕು. ಬೇಯಿಸಿ ತಿನ್ನುವ ಸೊಪ್ಪು ಬೇರೆ, ಬರಿಹೊಟ್ಟೆಗೆ ದಿನವೂ ಕುಡಿಯುವ ರಸ ಬೇರೆ.

ಹಿಂದಿನವರು ಸೊಪ್ಪು ತಿಂದೇ ಗಟ್ಟಿಯಾಗಿದ್ದರು ಎಂಬ ವಾದದಲ್ಲಿ ಎಣಿಕೆಗೆ ಸಿಗದವರು ಬಿಟ್ಟುಹೋಗುತ್ತಾರೆ. ಕಾಮಾಲೆಯೆಂದೋ ಹೊಟ್ಟೆಯಲ್ಲಿ ನೀರು ತುಂಬಿತೆಂದೋ ತೀರಿಕೊಂಡವರಲ್ಲಿ ಎಷ್ಟು ಜನರಿಗೆ ಲಿವರ್ ಕ್ಯಾನ್ಸರಿತ್ತೆಂದು ಯಾರೂ ನೋಡಲಿಲ್ಲ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತರು. ಮುಸುಕಿನ ಜೋಳ ಈಗ ಹಾಸನ ಜಿಲ್ಲೆಯಲ್ಲೂ ದೊಡ್ಡ ಬೆಳೆ. ಮಳೆಗೆ ನೆಂದ ತೆನೆಯನ್ನು ಚೆನ್ನಾಗಿ ಒಣಗಿಸಿ ಇಡುವುದು ಬಸ್ಸಾರಿಗಿಂತ ನೇರವಾದ ರಕ್ಷಣೆ. ಅದಕ್ಕೂ ದೊಡ್ಡದು ಲಸಿಕೆ. ತೈವಾನ್ 1984ರಲ್ಲಿ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿದ ಮೇಲೆ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಹತ್ತು ವರ್ಷದಲ್ಲಿ ಸುಮಾರು ಅರ್ಧಕ್ಕಿಳಿಯಿತು. ಯಾವ ಸೊಪ್ಪೂ ಇಂಥ ಫಲ ತೋರಿಸಿಲ್ಲ. ನಮ್ಮ ದೇಶದ ಲಸಿಕಾ ಕಾರ್ಯಕ್ರಮಕ್ಕೆ ಅದು 2002ರ ನಂತರ ಹಂತಹಂತವಾಗಿ ಬಂತು. ಈಗ ಮಗು ಹುಟ್ಟಿದ 24 ಗಂಟೆಯೊಳಗೆ ಹಾಕಬೇಕೆಂಬ ನಿಯಮವಿದೆ. ಇಂದು ಮೂವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಶೈಶವದಲ್ಲಿ ಅದು ಸಿಕ್ಕಿಲ್ಲ. ಅವರಿಗೆ ಬೇಕಾದದ್ದು ಒಂದು ರಕ್ತಪರೀಕ್ಷೆ. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಆ ಪರೀಕ್ಷೆಯೂ ಔಷಧಿಯೂ ಉಚಿತ.