ಸಕುಟುಂಬ ಸಪರಿವಾರ: ಯಾರ ಕುಟುಂಬ, ಯಾರ ಕತ್ತರಿ?

ನಮ್ಮ ಸೈದಾಪುರದ ಕಡೆ ಜಾತ್ರೆಗೆ ನಾಟಕ ಐತಿ ಅಂದರೆ ಮೊದಲು ಗೋಡೆಗೆ ಕರಪತ್ರ ಬೀಳುತ್ತದೆ. ಅದರಲ್ಲಿ ನಾಟಕದ ಹೆಸರು, ಪೇಟಿ ಮಾಸ್ತರರ ಹೆಸರು, ಹೊರಗಿನಿಂದ ಕರೆಸಿದ ನಟಿಯರ ಹೆಸರು, ದೇಣಿಗೆ ಕೊಟ್ಟ ಸಾವುಕಾರರ ಹೆಸರು. ಕೆಳಗೆ ಒಂದು ಸಾಲು ತಪ್ಪದೆ ಇರುತ್ತದೆ: ಸಕುಟುಂಬ ಸಪರಿವಾರ ಸಮೇತ ಬಂದು ನೋಡಿ ಆನಂದಿಸಿರಿ. ಈ ಸಾಲನ್ನು ಸಣ್ಣವನಿದ್ದಾಗಿನಿಂದ ಓದುತ್ತಾ ಬಂದಿದ್ದೇನೆ. ಇದು ಯಾರ ಕುಟುಂಬ ಎಂದು ಕೇಳಬೇಕೆನಿಸಿದ್ದು ಮಾತ್ರ ಇತ್ತೀಚೆಗೆ.

ಹೋದ ವರ್ಷ ಹತ್ತಿರದ ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಹುಡುಗರು ನಾಟಕ ಕಲಿಯುತ್ತಿದ್ದರು. ಬರೆದವರು ಪ್ರಾಥಮಿಕ ಶಾಲೆಯ ಮಾಸ್ತರರು, ನನ್ನ ಗೆಳೆಯರು. ಕಥೆ ದೊಡ್ಡದೇನಲ್ಲ. ಇಬ್ಬರು ಕೂಲಿಕಾರ ಹುಡುಗರು. ಒಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟಿದ್ದಾನೆ. ರಾತ್ರಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ಇಬ್ಬರೂ ಒಂದು ಹಾಡು ಹಾಡುತ್ತಾರೆ. ಹೋಗುವವನು ಉಳಿಯುವವನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾನೆ, ಉಳಿಯುವವನು ಅವನ ಕೂದಲಲ್ಲಿ ಬೆರಳಾಡಿಸುತ್ತಾ ಹಾಡುತ್ತಾನೆ. ಅಷ್ಟೆ. ಇದು ಗೆಳೆತನವೋ ಪ್ರೀತಿಯೋ ಎಂದು ಪ್ರತಿಯಲ್ಲಿ ಬರೆದಿರಲಿಲ್ಲ. ನನಗೆ ಪ್ರೀತಿ ಅಂತಲೇ ಅನಿಸಿತು. ಕೇಳಿದೆ. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದ್ರಿ, ಪ್ರೀತಿನ" ಅಂದರು.

ತಾಲೀಮು ನೋಡಲು ಊರ ಹಿರಿಯರು ಬಂದರು. ಹಾಡು ಮುಗಿದ ಮೇಲೆ ಒಬ್ಬರು ಹೇಳಿದರು: "ಮಾಸ್ತರ್ರೆ, ಇದೊಂದು ತಗದ್ ಬಿಡ್ರಿ. ಹೆಣ್ಮಕ್ಕಳು ಮರಿ ಕಟಗೊಂಡು ಬರ್ತಾರ, ಚಂದ ಕಾಣಂಗಿಲ್ಲ." ಇನ್ನೊಬ್ಬರು ದಾರಿಯನ್ನೂ ತೋರಿಸಿದರು: "ಇಬ್ಬರೊಳಗ ಒಬ್ಬನ್ನ ಹುಡುಗಿ ಮಾಡ್ರಲ್ಲ, ಆಗ ಛಲೋ ಆಗ್ತದ."

ಅದೇ ನಾಟಕದಲ್ಲಿ ಹಾಸ್ಯದ ಪಾತ್ರದವನು ಮತ್ತು ಹಣ ಕೊಟ್ಟು ಕರೆಸಿದ ನಟಿಯ ನಡುವೆ ಎರಡರ್ಥದ ಮಾತು ಇಪ್ಪತ್ತು ನಿಮಿಷ ನಡೆಯುತ್ತಿತ್ತು. ಬದನೆಕಾಯಿ, ಮೆಣಸಿನಕಾಯಿ, ಬಾವಿ, ಹಗ್ಗ. ಅದಕ್ಕೆ ಯಾರೂ ಕತ್ತರಿ ಹಿಡಿಯಲಿಲ್ಲ. ಹಿರಿಯರೇ ಮೊದಲು ನಕ್ಕರು. ಹಾಗಾದರೆ ಹೆಣ್ಣುಮಕ್ಕಳ ಕಣ್ಣಿಗೆ ಚಂದ ಕಾಣದ್ದು ಯಾವುದು? ಅಶ್ಲೀಲವಲ್ಲ ಎಂಬುದು ಖಾತ್ರಿಯಾಯಿತು.

ಗಂಡಸು ಗಂಡಸನ್ನು ಮುಟ್ಟುವುದು ನಮ್ಮ ಬಯಲಾಟಕ್ಕೆ ಹೊಸದೇ? ಕೀಚಕ ವಧೆ ನೋಡದ ಊರು ಯಾವುದಿದೆ! ಸೈರಂಧ್ರಿಯ ಜಾಗದಲ್ಲಿ ಭೀಮ ಸೀರೆಯುಟ್ಟು ಕೂತಿದ್ದಾನೆ. ಕೀಚಕ ಕತ್ತಲಲ್ಲಿ ಬಂದು ಗಲ್ಲ ಸವರುತ್ತಾನೆ, ತೋಳು ಹಿಡಿಯುತ್ತಾನೆ, ಶೃಂಗಾರ ಆಡುತ್ತಾನೆ. ಭೀಮ ನಾಚಿದಂತೆ ಮಾಡುತ್ತಾನೆ. ಮುದುಕಿಯರು ಬಾಯಿಗೆ ಸೆರಗಿಟ್ಟು ನಗುತ್ತಾರೆ, ಕೂಸುಗಳು ಕೇಕೆ ಹಾಕುತ್ತವೆ. ಆಮೇಲೆ ಭೀಮ ಅವನನ್ನು ಕೊಲ್ಲುತ್ತಾನೆ. ಭಸ್ಮಾಸುರ ಮೋಹಿನಿಯ ಆಟವೂ ಅಷ್ಟೆ. ವಿಷ್ಣುವೇ ಹೆಣ್ಣಾಗಿ ಕುಣಿಯುತ್ತಾನೆ, ಮೋಹಿಸಿದವನು ಕೊನೆಗೆ ಬೂದಿ. ಹೊಸ ಕಾಲದ ದೊಡ್ಡ ನಾಟಕಕ್ಕೆ ಬಂದರೂ ಕಥೆ ಬಹಳ ಬದಲಾಗಿಲ್ಲ. 1971ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ದೇವದತ್ತ, ಕಪಿಲ ಎಂಬ ಇಬ್ಬರು ಗೆಳೆಯರ ಒಲವು ಊರಿಗೇ ಹೆಸರಾದದ್ದು. ಅವರೂ ಕೊನೆಗೆ ಒಬ್ಬರನ್ನೊಬ್ಬರು ಕೊಂದುಕೊಂಡೇ ಮುಗಿಯುತ್ತಾರೆ. ಸಣ್ಣಾಟದ ಸಂಗ್ಯಾ ಬಾಳ್ಯಾದಲ್ಲಿ ಗೆಳೆಯ ಗೆಳೆಯನನ್ನು ಮಾರುತ್ತಾನೆ, ಸಂಗ್ಯಾ ಕೊಲೆಯಾಗುತ್ತಾನೆ. ನಾವು ಅದನ್ನು ಹಾದರದ ಕಥೆ ಎಂದು ನೋಡಿ ಮನೆಗೆ ಹೋಗುತ್ತೇವೆ. ಬಾಳ್ಯಾನ ದ್ರೋಹ ಅಷ್ಟು ನೋಯಿಸುವುದು ಯಾಕೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ನಮ್ಮ ರಂಗಭೂಮಿಯ ಕರಾರು ಇದು. ಒಂದೇ ಜಾತಿಯ ದೇಹಗಳು, ಅಂದರೆ ಗಂಡು ಗಂಡು, ರಂಗದ ಮೇಲೆ ಹತ್ತಿರ ಬರಬಹುದು. ಆದರೆ ಅದು ನಗೆಯಲ್ಲಿ ಮುಗಿಯಬೇಕು, ಇಲ್ಲವೇ ಹೆಣದಲ್ಲಿ ಮುಗಿಯಬೇಕು. ಮಾಸ್ತರರ ಹಾಡಿನಲ್ಲಿ ನಗೆಯೂ ಇರಲಿಲ್ಲ, ಹೆಣವೂ ಇರಲಿಲ್ಲ. ಒಬ್ಬ ರೈಲು ಹತ್ತುತ್ತಾನೆ, ಇನ್ನೊಬ್ಬ ಕಾಯುತ್ತಾನೆ. ತಡೆದುಕೊಳ್ಳಲಾಗದ್ದು ಈ ಕಾಯುವಿಕೆ.

ಮರಾಠಿ ಸಂಗೀತ ನಾಟಕದ ಬಾಲಗಂಧರ್ವರನ್ನು (1888–1967) ನೆನೆಯದ ಹಳೆಯ ಪೇಟಿ ಮಾಸ್ತರರು ನಮ್ಮ ಉತ್ತರ ಕರ್ನಾಟಕದಲ್ಲಿ ಕಡಿಮೆ. ನಾರಾಯಣ ಶ್ರೀಪಾದ ರಾಜಹಂಸ ಎಂಬ ಆ ಗಂಡಸು ಸೀರೆ ಉಟ್ಟ ರೀತಿಯನ್ನು ಮನೆತನಸ್ಥ ಹೆಂಗಸರು ನೋಡಿ ಕಲಿತರು. ಆತ ಇನ್ನೊಬ್ಬ ಗಂಡಸಿನ ಎದುರು ನಿಂತು ಪ್ರೇಮದ ಪದ ಹಾಡಿದಾಗ ಸಭ್ಯ ಕುಟುಂಬಗಳು ಮತ್ತೆ ಮತ್ತೆ ಹಾಡಿಸಿದವು. ಆಗ ಕುಟುಂಬ ಕೆಡಲಿಲ್ಲ. ನಿಜವಾದ ಹೆಣ್ಣು ರಂಗದ ಮೇಲೆ ಬಂದರೆ ಕುಟುಂಬ ಕೆಡುತ್ತದೆ ಎಂದು ಹೆದರಿದ ಕಾಲ ಅದು! ಅಂದರೆ ಕೆಡುವ ವಸ್ತು ಕಾಲಕಾಲಕ್ಕೆ ಬದಲಾಗುತ್ತದೆ. ಕೆಡುತ್ತದೆ ಎಂದು ತೀರ್ಮಾನಿಸುವವರು ಮಾತ್ರ ಬದಲಾಗುವುದಿಲ್ಲ.

ಈ ಮಾತು ಹಳೆಯದಾಗಲಿಲ್ಲ ಎನ್ನಲು ಕರಾವಳಿಯನ್ನು ನೋಡಿ. 2025ರ ನವೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಜಾನಪದ ವಿದ್ವಾಂಸ ಪುರುಷೋತ್ತಮ ಬಿಳಿಮಲೆಯವರು ಮೈಸೂರಿನಲ್ಲಿ ಮಾತಾಡುತ್ತಾ, ತಿಂಗಳುಗಟ್ಟಲೆ ಮನೆ ಬಿಟ್ಟು ತಿರುಗುವ ಯಕ್ಷಗಾನ ಕಲಾವಿದರಲ್ಲಿ ಸಲಿಂಗ ಸಂಬಂಧಗಳಿದ್ದವು ಎಂದರು. ಕರಾವಳಿ ಸಿಡಿದೆದ್ದಿತು. ಕಲೆಗೆ ಅವಮಾನ, ಕಲಾವಿದರ ಹೆಂಡತಿ ಮಕ್ಕಳಿಗೆ ಅವಮಾನ ಎಂದು ಗದ್ದಲ. ಅವರು ವಿಷಾದ ವ್ಯಕ್ತಪಡಿಸಬೇಕಾಯಿತು.

ನನಗೆ ಎರಡೂ ಕಡೆಯ ಬಗ್ಗೆ ತಕರಾರಿದೆ. ಮನೆಯಿಂದ ದೂರ ಇದ್ದದ್ದಕ್ಕೆ ಹೀಗಾಯಿತು ಎಂಬ ವಿವರಣೆ ಪ್ರೀತಿಯನ್ನು ಬರಗಾಲದ ಊಟದಂತೆ ಕಾಣುತ್ತದೆ. ಅನ್ನ ಸಿಗದೆ ಗೆಡ್ಡೆ ತಿಂದರು ಅನ್ನುವ ಹಾಗೆ. ಕೆಲವರಿಗೆ ಅದೇ ಅನ್ನವಾಗಿತ್ತೇನೋ. ಒಂದಿಡೀ ಕಲಾವಿದರ ಸಮೂಹಕ್ಕೆ ಒಂದೇ ಮಾತು ಹಚ್ಚುವುದೂ ಸರಿಯಲ್ಲ. ಆದರೆ ಎದ್ದು ಕೂಗಿದವರ ತಪ್ಪು ಇನ್ನೂ ದೊಡ್ಡದು. 'ಅವಮಾನ' ಅಂದಕೂಡಲೇ ಹಾಗೆ ಬದುಕಿದ ಪ್ರತಿಯೊಬ್ಬನೂ ಹೊಲಸು ಎಂದು ಸಾರಿದಂತಾಯಿತು. ಇನ್ನೊಂದು ಮಾತು ಯಾರೂ ಆಡಲಿಲ್ಲ. ಯಾವುದೇ ಕಲೆಯಿರಲಿ, ಯಾವುದೇ ತಂಡವಿರಲಿ, ಹೆಣ್ಣುವೇಷ ಕಟ್ಟುವ ಎಳೆಯ ಹುಡುಗನೊಬ್ಬನ ಮೇಲೆ ದೊಡ್ಡವರು ಬಲವಂತ ಮಾಡಿದರೆ ಅವನು ಎಲ್ಲಿ ಹೋಗಿ ಹೇಳಬೇಕು? ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಮೊದಲೇ ತೀರ್ಪು ಕೊಟ್ಟ ಮೇಲೆ ದೂರು ಕೇಳುವ ಕಿವಿಯೇ ಇಲ್ಲ. ಪ್ರೀತಿಯನ್ನು ಮುಚ್ಚುವ ಚಾದರವೇ ಬಲಾತ್ಕಾರವನ್ನೂ ಮುಚ್ಚುತ್ತದೆ. ದೇವದಾಸಿ ಪದ್ಧತಿಯ ವಿಷಯದಲ್ಲಿ ನಮ್ಮ ಕೇರಿಗಳು ಈ ಚಾದರವನ್ನು ಚೆನ್ನಾಗಿ ಬಲ್ಲವು. 1982ರಲ್ಲಿ ಕಾಯ್ದೆ ಬಂದದ್ದು ಆಯಿತು. ಅದಕ್ಕೂ ಮೊದಲು, ಆಮೇಲೂ, ಊರ ಮರ್ಯಾದೆಯ ಹೆಸರಲ್ಲಿ ಯಾರ ಬಾಯಿ ಮುಚ್ಚಿಸಿದರು?

ಹಾಗಾದರೆ ಊರು ಯಾರನ್ನೂ ಒಪ್ಪುವುದಿಲ್ಲವೇ? ಒಪ್ಪುತ್ತದೆ, ದೇವರು ಅಡ್ಡ ನಿಂತರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಇಡೀ ನಾಡು ಕೊಂಡಾಡಿತು. ನನಗೂ ಕಣ್ಣು ತುಂಬಿತು. ಆದರೆ ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು' ಓದಿದವರಿಗೆ ಗೊತ್ತು, ಆ ಸೆರಗಿನವರೆಗೆ ಬರಲು ಆಕೆ ಮನೆಯಿಂದ, ಬೀದಿಯಿಂದ ಏನೆಲ್ಲ ಉಂಡರು ಎಂಬುದು. ಜೋಗತಿಯಾಗುವುದು, ಗಂಡು ಗಂಡನ್ನು ಒಲಿಯುವುದು ಎರಡೂ ಒಂದೇ ಅಲ್ಲ. ಗಂಟು ಹಾಕಬಾರದು. ಆದರೆ ಊರು ಎರಡಕ್ಕೂ ಹಿಡಿಯುವ ತಕ್ಕಡಿ ಒಂದೇ. ಎಲ್ಲಮ್ಮ ಹಿಡಿದಳು ಅಂದರೆ ಕೈಮುಗಿಯುತ್ತದೆ. ನನ್ನ ಮನಸ್ಸು ಹಿಡಿಯಿತು ಅಂದರೆ ಕಲ್ಲು ತೆಗೆದುಕೊಳ್ಳುತ್ತದೆ.

ಪುಸ್ತಕಕ್ಕೆ ಇಷ್ಟು ಕಷ್ಟವಿಲ್ಲ. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲೇ ಬಂತು, ಜನ ಓದಿದರು. ಪುಸ್ತಕವನ್ನು ಒಬ್ಬನೇ ಕೂತು ಓದಬಹುದು, ಅಟ್ಟದ ಮೇಲಿಡಬಹುದು. ನಾಟಕದಲ್ಲಿ ಪಕ್ಕದಲ್ಲಿ ಹೆಂಡತಿ, ಹಿಂದೆ ಅಳಿಯ, ಮುಂದೆ ಗೌಡರು. ಮಕ್ಕಳು ನೋಡಿ ಕೆಡುತ್ತಾರೆ ಎಂಬುದು ಸುಳ್ಳು ಮಾತು. ಮಕ್ಕಳು ಸ್ಟೇಷನ್ನಿನ ಹಾಡು ನೋಡಿ ಅಳುತ್ತಿದ್ದರು, ಅಷ್ಟೆ. ಹೆದರಿಕೆ ದೊಡ್ಡವರದ್ದು. ಈ ಹಾಡಿಗೆ ತನ್ನ ಮುಖ ಹೇಗಾಯಿತು ಎಂದು ಪಕ್ಕದವನು ನೋಡಿಬಿಟ್ಟರೆ? ಹಾಗೆ ನೋಡಿಯೂ ಜನ ಸಾಯುವುದಿಲ್ಲ ಎಂಬುದಕ್ಕೆ ಸಾಕ್ಷಿ ಇದೆ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕ ಮಾಡಿ ಊರೂರು ತಿರುಗಿತು. ಜನ ಕೂತು ನೋಡಿದರು.

ಇದು ನಮ್ಮ ಹಳ್ಳಿಯ ರೋಗ ಮಾತ್ರ ಎಂದು ಪೇಟೆಯವರು ಬೀಗಬೇಕಾಗಿಲ್ಲ. ನ್ಯೂಯಾರ್ಕಿನ ರಂಗಕ್ಕೆ 1996ರಲ್ಲಿ ಬಂದ 'ರೆಂಟ್' ಎಂಬ ಸಂಗೀತ ನಾಟಕಕ್ಕೆ ಶಾಲೆಗಳಿಗೆಂದೇ ಕತ್ತರಿಸಿದ ಪ್ರತಿ ಮಾಡಿದರು, ಒಂದು ಹಾಡನ್ನೇ ಕಿತ್ತರು. ಆದರೂ ಕೆಲವು ಶಾಲೆಗಳು ಆಡಗೊಡಲಿಲ್ಲ. ಕತ್ತರಿಗೆ ಒಂದು ಹಾಡು ಕೊಟ್ಟರೆ ಅದರ ಹೊಟ್ಟೆ ತುಂಬುವುದಿಲ್ಲ.

ಇನ್ನು ಸರ್ಕಾರದ ಕತ್ತರಿ. ನೀಲಿ ಬೆಳೆಯ ದೊರೆಗಳ ಕ್ರೌರ್ಯ ತೋರಿಸಿದ 'ನೀಲದರ್ಪಣ'ದಂಥ ನಾಟಕಗಳಿಗೆ ಹೆದರಿ ಬ್ರಿಟಿಷರು 1876ರಲ್ಲಿ ನಾಟಕ ನಿಯಂತ್ರಣ ಕಾಯ್ದೆ ತಂದರು. 1964ರಲ್ಲಿ ನಮ್ಮ ರಾಜ್ಯವೂ ತನ್ನದೊಂದು ಮಾಡಿಕೊಂಡಿತು. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮಿನ ಹಲ್ಲನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಕಿತ್ತಿತು. ನಮ್ಮ ಹಳ್ಳಿಯ ತಾಲೀಮಿಗೆ ಯಾವ ಕಾಯ್ದೆಯೂ ಬರಲಿಲ್ಲ, ಯಾವ ಫೌಜದಾರರೂ ಬರಲಿಲ್ಲ. ದೇಣಿಗೆ ಕೊಟ್ಟವರು ಬಂದರು. ಮುಂದಿನ ಸಾಲಿನ ಕುರ್ಚಿ ಅವರದು. ಹಿಂದೆ ನೆಲದ ಮೇಲೆ ಚೀಲ ಹಾಸಿಕೊಂಡು ಕೂರುವ ನಮ್ಮ ಕೇರಿಯ ಅವ್ವಂದಿರೂ ಕುಟುಂಬವೇ. ಅವರನ್ನು ಯಾರೂ ಕೇಳಲಿಲ್ಲ. ಹಿಂದೊಮ್ಮೆ ಇದೇ ಮಾಸ್ತರರು ಗೌಡನ ಬಾವಿಯ ಮಾತು ಬರೆದಾಗಲೂ ಇದೇ ಕುರ್ಚಿಗಳು 'ಜಾತ್ರಿ ಕೆಡ್ತದ' ಅಂದಿದ್ದವು. ಕತ್ತರಿ ಒಂದೇ, ಕೈಯೂ ಒಂದೇ.

ಬಂಡಾಯದ ನಾವು ಬಹಳ ಸಾಚಾ ಎಂದೇನಲ್ಲ. ನಮ್ಮ ಬೀದಿನಾಟಕಗಳಲ್ಲಿ ಹೆಣ್ಣಿಗನಂತೆ ನಡೆಯುವ ಗಂಡಸು ಬಂದರೆ ಅವನು ಗೌಡನ ಬಾಲಬಡುಕನಾಗಿಯೇ ಬರುತ್ತಾನೆ. ಅದಕ್ಕೆ ನಾವು ಚಪ್ಪಾಳೆ ತಟ್ಟಿದ್ದೇವೆ. ನಾನೂ ತಟ್ಟಿದ್ದೇನೆ. ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗನಿಗೆ ಸೀರೆ ಉಡಿಸಿ ಕುಣಿಸಿ, ಮರುದಿನ ತರಗತಿಯಲ್ಲಿ ಅವನಿಗೆ ಅಡ್ಡಹೆಸರು ಇಟ್ಟದ್ದನ್ನು ಕೇಳಿಯೂ ಸುಮ್ಮನಿರುವ ಮಾಸ್ತರರು ಈ ಪತ್ರಿಕೆಯ ಓದುಗರಲ್ಲೇ ಇದ್ದಾರೆ. ಮತ್ತೆ ಇಬ್ಬರು ಹೆಣ್ಣುಮಕ್ಕಳ ಒಲವಂತೂ ಕತ್ತರಿಯವರೆಗೂ ಬರುವುದಿಲ್ಲ, ಅದನ್ನು ಬರೆಯುವವರೇ ಇಲ್ಲ. ನಾನೂ ಇಲ್ಲಿಯವರೆಗೆ ಗಂಡಸರದ್ದೇ ಬರೆದೆ.

ಜಾತ್ರೆಯ ರಾತ್ರಿ ಹಾಡು ಇರಲಿಲ್ಲ. ಒಬ್ಬನನ್ನು ಹುಡುಗಿ ಮಾಡಲು ಮಾಸ್ತರರು ಒಪ್ಪಲಿಲ್ಲ, ಅದಕ್ಕೆ ಇಡೀ ಸ್ಟೇಷನ್ನೇ ಹೋಯಿತು. ಹುಡುಗ ಊರಲ್ಲಿದ್ದವನು ಮುಂದಿನ ಪ್ರವೇಶದಲ್ಲಿ ಬೆಂಗಳೂರಲ್ಲಿದ್ದ. ಹೇಗೆ ಹೋದ, ಯಾರು ಕಳಿಸಿದರು, ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅವನು ಕಟ್ಟಡದಿಂದ ಬಿದ್ದ ಸುದ್ದಿ ಬಂದು ಗೆಳೆಯ ಎದೆ ಬಡಿದುಕೊಂಡಾಗ ಮುಂದಿನ ಸಾಲಿನವರೊಬ್ಬರು, "ಇಂವ ಯಾಕ ಇಷ್ಟ ಅಳ್ತಾನ?" ಎಂದು ಪಕ್ಕದವರನ್ನು ಕೇಳಿದರು. ನಾನು ಅವರ ಹಿಂದೆಯೇ ನಿಂತಿದ್ದೆ.

ಈ ಸಲ ಮತ್ತೆ ಅದೇ ನಾಟಕ ಕೈಗೆತ್ತಿಕೊಂಡಿದ್ದಾರೆ. ಹಾಡು ಪ್ರತಿಯಲ್ಲಿ ಹಾಗೇ ಐತಿ. ದೇಣಿಗೆ ಪಟ್ಟಿಯನ್ನು ನಮ್ಮ ಕೇರಿಯಿಂದ, ಹತ್ತು ಹತ್ತು ರೂಪಾಯಿಯಂತೆ, ಸುರು ಮಾಡಿದ್ದೇವೆ.