ಎಂಜಿನ್ ಜಾಗದಲ್ಲಿ ಬಚ್ಚಲು

ಲ್ಯಾರಿ ಮತ್ತು ಲಿನ್ ಪಾರ್ಡಿ ದಂಪತಿ ಕ್ಯಾಲಿಫೋರ್ನಿಯಾದಲ್ಲಿ ಕೈಯಾರೆ ಕಟ್ಟಿ 1968ರಲ್ಲಿ ನೀರಿಗಿಳಿಸಿದ ಮರದ ಹಾಯಿದೋಣಿ 'ಸೆರಾಫಿನ್'. ಉದ್ದ 24 ಅಡಿ 4 ಅಂಗುಲ, ಅಷ್ಟೇ. ಅಡುಗೆ, ನಿದ್ದೆ, ಓದು, ಮುನಿಸು ಎಲ್ಲ ಅದರೊಳಗೇ. ರಾತ್ರಿಗೆ ಸೀಮೆಎಣ್ಣೆ ದೀಪ. ಎಂಜಿನ್ ಮಾತ್ರ ಇರಲಿಲ್ಲ.

ಎಂಜಿನ್ ಇಲ್ಲದವರಿಗೆ ನಡುಗಡಲಿಗಿಂತ ಕರಾವಳಿಯೇ ಕಷ್ಟ. ದೂರದ ನೀರಿನಲ್ಲಿ ಗಾಳಿ ಬಿದ್ದುಹೋದರೆ ಪುಸ್ತಕ ಹಿಡಿದು ಕೂರಬಹುದು. ದಡದ ಹತ್ತಿರ ಹಾಗಲ್ಲ: ಬಂಡೆಗಳಿವೆ, ಸೆಳೆತವಿದೆ, ಹಡಗುಗಳ ಓಡಾಟವಿದೆ. ಮೆಕ್ಸಿಕೊ ಕರಾವಳಿ, ಬಾಲ್ಟಿಕ್, ಮೆಡಿಟರೇನಿಯನ್ ಎಲ್ಲ ಸುತ್ತಿದ ಇವರ ಬಳಿ ಇದಕ್ಕಿದ್ದ ಉಪಾಯ ಹಿಂಬದಿಗೆ ಸಿಕ್ಕಿಸುವ ಒಂದೇ ಒಂದು ಉದ್ದನೆಯ ಹುಟ್ಟು. ಅದನ್ನು ನೀರಿನಿಂದ ಎತ್ತುವುದೇ ಇಲ್ಲ. ಎಡಕ್ಕೂ ಬಲಕ್ಕೂ ತೂಗುತ್ತ, ಪ್ರತಿ ತಿರುವಿಗೂ ಮಣಿಕಟ್ಟು ಹೊರಳಿಸಿ ಅಲಗಿನ ಓರೆ ಬದಲಿಸಬೇಕು. ಮೀನು ಬಾಲ ಆಡಿಸಿದ ಹಾಗೆ. ದೋಣಿ ನಡಿಗೆಗಿಂತ ನಿಧಾನವಾಗಿ ಬಂದರು ಸೇರುತ್ತದೆ. ಗಾಳಿಯೂ ಉಬ್ಬರವೂ ಒಟ್ಟಿಗೆ ಎದುರಾದರೆ ಇದೂ ಸಾಗದು. ಲಂಗರು ಇಳಿಸಿ, ಚಹಾ ಕಾಯಿಸಿ ಕಾಯುವುದೇ ದಾರಿ.

ಹಟ ಎನ್ನುವಿರಾ? ಸ್ವಲ್ಪ ಹಟವೇ. ಆದರೆ ಎಂಜಿನ್ ಕೆಟ್ಟಿತೆಂದು ಬಿಡಿಭಾಗಕ್ಕಾಗಿ ವಾರಗಟ್ಟಲೆ ಬಂದರಿನಲ್ಲಿ ಕೊಳೆಯುವ ಪಾಡು ಇವರಿಗಿರಲಿಲ್ಲ.

'ಸೆರಾಫಿನ್' ಪೂರ್ವಮುಖವಾಗಿ ಭೂಮಿ ಸುತ್ತಿತು. 1983ರಲ್ಲಿ ಕಟ್ಟಿ ಮುಗಿಸಿದ, ತುಸು ದೊಡ್ಡದಾದ 'ಟ್ಯಾಲೀಸಿನ್' ಪಶ್ಚಿಮಮುಖವಾಗಿ. ಈ ಎರಡನೆಯದರಲ್ಲಿ, ಬೇರೆಯವರು ಎಂಜಿನ್ ಕೂರಿಸುವ ಜಾಗದಲ್ಲಿ, ಇವರು ಕೂತು ಮೀಯುವ ಪುಟ್ಟ ತೊಟ್ಟಿ ಮಾಡಿಕೊಂಡರು. ಉಪ್ಪುಗಾಳಿಯಲ್ಲೇ ಬಾಳಿದವರ ಈ ಲೆಕ್ಕಾಚಾರ ನನಗೆ ಲ್ಯಾರಿಯ ಬಡಗಿತನಕ್ಕಿಂತಲೂ ಹೆಚ್ಚು ಇಷ್ಟ.