ಅಕ್ಟೋಬರ್ 13ನ್ನು ಕೇಳುವುದು ಹೇಗೆ

ನಮ್ಮ ಅಡುಗೆಮನೆಯ ಗೋಡೆಯಲ್ಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕಗಳಲ್ಲಿ ತಿಥಿ, ನಕ್ಷತ್ರಗಳ ಪಕ್ಕದಲ್ಲೇ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಕೆಲಸದವಳು ಬಾರದ ದಿನ ಎಲ್ಲವೂ ಇರುತ್ತವೆ. ಅಕ್ಟೋಬರ್ 13ರ ಚೌಕದಲ್ಲಿ ನಾನು ಪ್ರತಿ ವರ್ಷ ಪೆನ್ಸಿಲಿನಲ್ಲಿ ‘ಕಿ’ ಎಂದು ಬರೆದಿಡುತ್ತೇನೆ. ಅದು ಕಿರಾಣಿ ಅಂಗಡಿಯ ಬಾಕಿಯೇ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅಲ್ಲ, ಕಿಶೋರ್ ಕುಮಾರ್. ಬಾಕಿ ಎನ್ನುವುದೇನೋ ನಿಜ.

ಪತ್ರಿಕೆಯ ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂದು ನಾಲ್ಕು ಸಾಲು ಬರುತ್ತದಲ್ಲ, ಅದರ ಬಗ್ಗೆ ಈ ಕೈಪಿಡಿ. ರೇಡಿಯೊದವರು ಹಾಡು ಹಾಕುವ ಮುಂಚೆ “ಇವತ್ತು ಇಂಥವರ ಪುಣ್ಯತಿಥಿ” ಎಂದು ಹೇಳಿ ಮುಂದೆ ಹೋಗುತ್ತಾರೆ. ಮೊಬೈಲಿಗೆ ಹೂವಿನ ಚೌಕಟ್ಟಿನ ಫೋಟೊ ಬರುತ್ತದೆ. ನಾವು ‘ಹೌದಾ’ ಅಂದು ಮರೆಯುತ್ತೇವೆ. ಆದರೆ ಈ ಪುಟ್ಟ ಪ್ರಕಾರಕ್ಕೂ ರುಚಿ ಇದೆ. ಅದನ್ನು ಹತ್ತಿಸಿಕೊಳ್ಳಲು ಒಂದೇ ಒಂದು ಪ್ರಶ್ನೆ ಸಾಕು: ಈ ಸಾಲಿನಲ್ಲಿ ಕಿವಿಗೆ ಬೀಳುವಂಥದ್ದು ಏನಿದೆ? ಏನೂ ಇಲ್ಲದಿದ್ದರೆ ಅದನ್ನು ಸಾಮಾನ್ಯ ಜ್ಞಾನದ ಪರೀಕ್ಷೆಗೆ ಓದುವವರಿಗೆ ಬಿಡಿ.

ತಾರೀಖು ಹಿಡಿದು ಸಂಗೀತವನ್ನು ನೆನೆಯುವುದು ನಮಗೆ ಹಳೆಯ ಅಭ್ಯಾಸವೇನಲ್ಲ. ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿಗೆ, ಪುರಂದರದಾಸರದು ಪುಷ್ಯ ಅಮಾವಾಸ್ಯೆಗೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಇವೆರಡೂ ವರ್ಷಕ್ಕೊಂದು ಕಡೆ ಕೂರುತ್ತವೆ. ಆ ದಿನ ಯಾರೂ ಜೀವನಚರಿತ್ರೆ ಒಪ್ಪಿಸುವುದಿಲ್ಲ. ಸಾಲಾಗಿ ಕುಳಿತು ಹಾಡುತ್ತಾರೆ, ಹಾಡಲು ಬಾರದವರು ಎದುರಿಗೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಾರೆ. ಸಿನಿಮಾ ಹಾಡಿಗೂ ಪಾಪ್ ಹಾಡಿಗೂ ಅಷ್ಟು ಮರ್ಯಾದೆ ಕೊಟ್ಟರೆ ಅರ್ಧ ಪಾಠ ಮುಗಿದಂತೆ.

ಉಳಿದರ್ಧಕ್ಕೆ ಅಕ್ಟೋಬರ್ 13ನ್ನೇ ತೆಗೆದುಕೊಳ್ಳೋಣ.

1987ರ ಆ ಮಂಗಳವಾರ ನಟ ಅಶೋಕ್ ಕುಮಾರ್ ಅವರಿಗೆ 76 ತುಂಬಿದ ದಿನ. ಅದೇ ದಿನ ಮುಂಬಯಿಯಲ್ಲಿ ಅವರ ಕಿರಿಯ ತಮ್ಮ ಕಿಶೋರ್ ಹೃದಯಾಘಾತದಿಂದ ತೀರಿಕೊಂಡರು. ಕಿಶೋರ್‌ಗೆ 58. ಹಿಂದಿನ ದಿನವಷ್ಟೇ ಅವರು ಬಪ್ಪಿ ಲಾಹಿರಿ ಸಂಗೀತದಲ್ಲಿ ಆಶಾ ಭೋಸ್ಲೆ ಜೊತೆ ‘ವಕ್ತ್ ಕೀ ಆವಾಜ್’ ಚಿತ್ರಕ್ಕೊಂದು ಯುಗಳಗೀತೆ ಹಾಡಿ ಬಂದಿದ್ದರು. ಅಶೋಕ್ ಕುಮಾರ್ 2001ರವರೆಗೆ ಬದುಕಿದ್ದರು, ತಮ್ಮ ಹೋದ ಮೇಲೆ ಹುಟ್ಟುಹಬ್ಬ ಆಚರಿಸಲಿಲ್ಲ ಎನ್ನುತ್ತಾರೆ.

ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಕೇಳುವುದು ಏನನ್ನು? ಆ ಕೊನೆಯ ಹಾಡನ್ನಲ್ಲ, ಅದು ಸಾಧಾರಣ ಹಾಡು. ಕೊನೆಯದು ಎಂಬ ಕಾರಣಕ್ಕೆ ಯಾವುದೂ ಶ್ರೇಷ್ಠವಾಗುವುದಿಲ್ಲ. ನೀವು ಹುಡುಕಬೇಕಾದ್ದು 1936ರ ‘ಜೀವನ್ ನೈಯಾ’. ಬಾಂಬೆ ಟಾಕೀಸ್‌ನಲ್ಲಿ ನಟನಾಗಬೇಕೆಂಬ ಆಸೆಯೇ ಇಲ್ಲದ ಅಶೋಕ್ ಕುಮಾರ್ ನಾಯಕನಾದ ಚಿತ್ರ ಅದು. ನಟಿಸುವವನೇ ಹಾಡಿಕೊಳ್ಳಬೇಕಾಗಿದ್ದ ಕಾಲ. ಸಂಗೀತ ಸರಸ್ವತಿ ದೇವಿಯವರದು. ಹಿಂದಿ ಸಿನಿಮಾದ ಮೊದಮೊದಲ ಮಹಿಳಾ ಸಂಗೀತ ನಿರ್ದೇಶಕರಲ್ಲಿ ಒಬ್ಬರಾದ ಅವರು ಹುಟ್ಟಿನಿಂದ ಪಾರ್ಸಿ, ಆ ಹೆಸರು ಸಿನಿಮಾಕ್ಕಾಗಿ ಇಟ್ಟುಕೊಂಡದ್ದು. ಆ ಚಿತ್ರದಲ್ಲಿ ಅಶೋಕ್ ಕುಮಾರ್ ಒಂಟಿತನದ ಒಂದು ಹಾಡು ಹಾಡಿದ್ದಾರೆ. ಅದೇ ಹಾಡನ್ನು 25 ವರ್ಷಗಳ ನಂತರ, 1961ರ ‘ಝುಮ್ರೂ’ ಚಿತ್ರದಲ್ಲಿ ತಮ್ಮ ಮತ್ತೆ ಹಾಡಿದ. ಆ ಚಿತ್ರಕ್ಕೆ ಕಿಶೋರ್ ನಾಯಕ, ಗಾಯಕ, ಸಂಗೀತ ನಿರ್ದೇಶಕ ಎಲ್ಲವೂ ಹೌದು.

ಎರಡನ್ನೂ ಒಂದರ ಬೆನ್ನಿಗೆ ಇನ್ನೊಂದು ಹಾಕಿ, ದೀಪ ಆರಿಸಿ ಕೂತುಕೊಳ್ಳಿ. ಅಣ್ಣನ ದನಿ ಮಾತಿಗೆ ಹತ್ತಿರ. ಪಾಠ ಒಪ್ಪಿಸುವ ಹುಡುಗನ ಹಾಗೆ ಸ್ವರದಿಂದ ಸ್ವರಕ್ಕೆ ನೆಟ್ಟಗೆ ಕಾಲಿಡುತ್ತಾರೆ, ತಾನು ಗಾಯಕನಲ್ಲ ಎಂಬ ಸಂಕೋಚ ಪ್ರತಿ ಸಾಲಿನಲ್ಲೂ ಕೇಳುತ್ತದೆ. ದುಃಖವನ್ನು ಪದಗಳಿಗೆ ಬಿಟ್ಟು ತಾವು ಪಕ್ಕಕ್ಕೆ ನಿಲ್ಲುತ್ತಾರೆ. ತಮ್ಮನ ಕಾಲಕ್ಕೆ ಮೈಕು ತುಟಿಯ ಹತ್ತಿರ ಬಂದಾಗಿದೆ. ಸಾಲಿನ ಕೊನೆಯ ಸ್ವರವನ್ನು ಆತ ಎಳೆದು, ಅದು ತಾನಾಗಿ ತೆಳುವಾಗುವವರೆಗೆ ಕಾಯುತ್ತಾನೆ. ಉಸಿರಿನ ಸದ್ದೂ ಹಾಡಿನ ಭಾಗವಾಗುತ್ತದೆ. ಹಿಂದಿ ಚಿತ್ರಗಾಯನ ಕಾಲು ಶತಮಾನದಲ್ಲಿ ಎಲ್ಲಿಂದ ಎಲ್ಲಿಗೆ ಬಂತು ಎನ್ನುವುದನ್ನು ಒಂದೇ ಮನೆಯ ಇಬ್ಬರು ಒಂದೇ ಹಾಡಿನಲ್ಲಿ ತೋರಿಸಿಕೊಡುತ್ತಾರೆ. ಒಬ್ಬರ ಹುಟ್ಟುಹಬ್ಬವೂ ಇನ್ನೊಬ್ಬರ ಪುಣ್ಯತಿಥಿಯೂ ಒಂದೇ ದಿನ ಬಂದಿರದಿದ್ದರೆ ನಾನಂತೂ ಈ ಎರಡು ಹಾಡುಗಳನ್ನು ಅಕ್ಕಪಕ್ಕ ಇಟ್ಟು ಕೇಳುತ್ತಿರಲಿಲ್ಲ. ತಾರೀಖಿನಿಂದ ಆಗುವ ಉಪಕಾರ ಇಷ್ಟೇ. ಅದು ನೆಪ ಒದಗಿಸುತ್ತದೆ.

ಇನ್ನು ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇರುವ ಸಂಬಂಧ. ಕಣ್ಣು ಹೆಚ್ಚುಕಡಿಮೆ ಕಾಣದಿದ್ದ ಜಾಝ್ ಪಿಯಾನೊ ವಾದಕ ಆರ್ಟ್ ಟೇಟಮ್ ಹುಟ್ಟಿದ್ದು 1909ರ ಅಕ್ಟೋಬರ್ 13ರಂದು, ಅಮೆರಿಕದ ಟೊಲೀಡೊದಲ್ಲಿ. ಹಾಡುಗಾರ ಪಾಲ್ ಸೈಮನ್ ಹುಟ್ಟಿದ್ದು 1941ರ ಅಕ್ಟೋಬರ್ 13ರಂದು. ಟೇಟಮ್ ತೀರಿಕೊಂಡದ್ದು 1956ರ ನವೆಂಬರ್ 5ರಂದು. ಸೈಮನ್‌ನ ಜೊತೆಗಾರ ಆರ್ಟ್ ಗಾರ್ಫಂಕೆಲ್ ಹುಟ್ಟಿದ ತಾರೀಖೂ ನವೆಂಬರ್ 5, ಹೆಸರೂ ಆರ್ಟ್. ಮೊದಲ ಸಲ ಇದನ್ನು ಗಮನಿಸಿದಾಗ ನಾನೂ ರೋಮಾಂಚನಗೊಂಡು ಇಬ್ಬರು ಗೆಳೆಯರಿಗೆ ಫೋನ್ ಮಾಡಿದ್ದೆ. ಅದರಿಂದ ಒಂದು ಸ್ವರವೂ ಹುಟ್ಟುವುದಿಲ್ಲ. ಟೇಟಮ್‌ಗೆ ಸಲ್ಲಬೇಕಾದ್ದು ಬೇರೆ: 1933ರಲ್ಲಿ ಆತ ಒಬ್ಬನೇ ನುಡಿಸಿದ ‘ಟೈಗರ್ ರ‍್ಯಾಗ್’ ಕೇಳಿ. ಎರಡು ಪಿಯಾನೊ ಇರಬೇಕು ಎಂದು ನಿಮಗೆ ಅನ್ನಿಸದಿದ್ದರೆ ಸ್ಪೀಕರ್ ಕೆಟ್ಟಿದೆ.

ಸೈಮನ್ ವಿಷಯದಲ್ಲಿ ಕಾಕತಾಳೀಯ ಅಲ್ಲದ ಒಂದು ಎಳೆ ಇದೆ. 2016ರ ಅಕ್ಟೋಬರ್ 13, ಆತನಿಗೆ 75 ತುಂಬಿದ ದಿನ. ಆವತ್ತು ಸ್ಟಾಕ್‌ಹೋಮಿನಲ್ಲಿ ಸ್ವೀಡಿಷ್ ಅಕಾಡೆಮಿ ಸಾಹಿತ್ಯದ ನೊಬೆಲ್ ಘೋಷಿಸಿತು, ಬಾಬ್ ಡಿಲನ್ ಹೆಸರಿನಲ್ಲಿ. ಈಗ ಸ್ವಲ್ಪ ಹಿಂದಕ್ಕೆ ಹೋಗಿ. ಸೈಮನ್ ಮತ್ತು ಗಾರ್ಫಂಕೆಲ್ 1964ರಲ್ಲಿ ‘ದ ಸೌಂಡ್ ಆಫ್ ಸೈಲೆನ್ಸ್’ ಹಾಡಿದ್ದು ಬರೀ ಅಕೂಸ್ಟಿಕ್ ಗಿಟಾರಿನ ಜೊತೆ. ಯಾರೂ ಕೇಳಲಿಲ್ಲ. ಸೈಮನ್ ಇಂಗ್ಲೆಂಡಿಗೆ ಹೋದ. 1965ರ ಜೂನ್‌ನಲ್ಲಿ ನಿರ್ಮಾಪಕ ಟಾಮ್ ವಿಲ್ಸನ್, ಡಿಲನ್‌ನ ರೆಕಾರ್ಡಿಂಗಿಗೆ ಬರುತ್ತಿದ್ದ ವಾದ್ಯಗಾರರನ್ನೇ ಕೂರಿಸಿಕೊಂಡು, ಹಾಡಿದ ಇಬ್ಬರಿಗೂ ಹೇಳದೆ ಅದಕ್ಕೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ಸೇರಿಸಿದ. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಎರಡೂ ರೂಪಗಳು ಸಿಗುತ್ತವೆ, ಅಕ್ಕಪಕ್ಕ ಕೇಳಿ. ಮೊದಲೇ ಹಾಡಿಟ್ಟ ದನಿಗಳ ಲಯ ಒಂದೇ ಸಮ ಇಲ್ಲದ್ದರಿಂದ ಡ್ರಮ್ಸ್‌ನವನು ಅವುಗಳ ಹಿಂದೆ ಹೆಜ್ಜೆ ಹೊಂದಿಸಲು ತಡಕಾಡುವುದು ಹೊಸ ಕಿವಿಗೂ ತಿಳಿಯುತ್ತದೆ. ಡಿಲನ್‌ನ ಹೊಸ ಸದ್ದು ಸೈಮನ್‌ನ ಹಾಡಿನ ಮೈಮೇಲೆ ಏರಿದ ಗಳಿಗೆ ಅದು.

ಹಾಡು ಬರೆದವನಿಗೆ ನೊಬೆಲ್ಲೇ ಎಂದು 2016ರಲ್ಲಿ ತುಂಬ ಜನ ಗದ್ದಲ ಮಾಡಿದರು. 1913ರಲ್ಲೇ ರವೀಂದ್ರನಾಥ ಠಾಕೂರರಿಗೆ ಕೊಟ್ಟಿದ್ದರಲ್ಲ! ಎರಡು ಸಾವಿರ ದಾಟಿದ ಹಾಡುಗಳನ್ನು ಅವರು ಬರೆದು, ರಾಗ ಹಾಕಿದ್ದರು. ಇರಲಿ. ಡಿಸೆಂಬರ್ 10ರ ಸಮಾರಂಭಕ್ಕೆ ಡಿಲನ್ ಹೋಗಲಿಲ್ಲ, ಗಾಯಕಿ ಪ್ಯಾಟಿ ಸ್ಮಿತ್ ಹೋಗಿ ಆತನ ‘ಹಾರ್ಡ್ ರೇನ್’ ಹಾಡಿದಳು. ನಡುವೆ ಸಾಲು ಮರೆತು ನಿಂತಳು, ಕ್ಷಮೆ ಕೇಳಿದಳು, ಮತ್ತೆ ಹಿಡಿದಳು. ಆ ತಡವರಿಕೆಯ ಮುಂದೆ ಅಕ್ಟೋಬರಿನ ಘೋಷಣೆ ಬರೀ ಕಾಗದ.

ಡಿಲನ್‌ಗೆ ನೊಬೆಲ್ ಬಂದ ಆ ಗುರುವಾರವೇ ಥಾಯ್ಲೆಂಡಿನ ದೊರೆ ಭೂಮಿಬಲ್ ಅದುಲ್ಯದೇಜ್ ತೀರಿಕೊಂಡ. ಇದು ಸಂಗೀತದ ಪಟ್ಟಿಗೆ ಯಾಕೆ ಎಂದರೆ, ಆತ ಸ್ಯಾಕ್ಸೊಫೋನ್ ನುಡಿಸುತ್ತಿದ್ದ, ಜಾಝ್ ರಚನೆಗಳನ್ನು ಮಾಡಿದ್ದ, 1960ರಲ್ಲಿ ನ್ಯೂಯಾರ್ಕಿನಲ್ಲಿ ಬೆನ್ನಿ ಗುಡ್‌ಮನ್ ಜೊತೆ ಕೂತು ನುಡಿಸಿದ್ದ. ದೊರೆಗಳ ಸಂಗೀತ ನಮಗೂ ಗೊತ್ತು, ಮೈಸೂರಿನ ಜಯಚಾಮರಾಜ ಒಡೆಯರ್ ಕೃತಿಗಳನ್ನು ಇಂದಿಗೂ ಕಛೇರಿಗಳಲ್ಲಿ ಹಾಡುತ್ತಾರೆ.

ಪಟ್ಟಿಗಳನ್ನು ಎಷ್ಟು ನಂಬಬೇಕು? 1963ರ ಅಕ್ಟೋಬರ್ 13, ಭಾನುವಾರ ರಾತ್ರಿ ಲಂಡನ್ ಪಲೇಡಿಯಮ್ ರಂಗದಿಂದ ಬೀಟಲ್ಸ್ ಹಾಡಿದ್ದನ್ನು ಟಿವಿಯಲ್ಲಿ ಸುಮಾರು ಒಂದೂವರೆ ಕೋಟಿ ಜನ ನೋಡಿದರು. ಬೀಟಲ್‌ಮೇನಿಯಾ ಶುರುವಾದ ದಿನ ಎಂದು ಪುಸ್ತಕಗಳು ಇದನ್ನೇ ಹೇಳುತ್ತವೆ. ಮರುದಿನದ ಪತ್ರಿಕೆಗಳು ರಂಗಮಂದಿರದ ಹೊರಗೆ ಕಿರುಚುವ ಹುಡುಗಿಯರ ಭಾರೀ ಗುಂಪನ್ನು ಬಣ್ಣಿಸಿದವು. ಅಲ್ಲೇ ಇದ್ದ ಛಾಯಾಗ್ರಾಹಕ ಡೆಜೊ ಹಾಫ್‌ಮನ್ ಆಮೇಲೆ ಹೇಳಿದ್ದು ಬೇರೆ: ಇದ್ದದ್ದು ಎಂಟು ಹುಡುಗಿಯರು, ಅಷ್ಟೂ ಇರಲಿಲ್ಲವೇನೋ. ಯಾರದು ನಿಜವೋ, ‘ಈ ದಿನ ಶುರುವಾಯಿತು’ ಎಂಬ ಮಾತು ಕಂಡಲ್ಲೆಲ್ಲ ಆ ಎಂಟು ಹುಡುಗಿಯರನ್ನು ನೆನೆಸಿಕೊಳ್ಳಿ.

ಹುಟ್ಟಿದ ದಿನಗಳನ್ನಂತೂ ಇನ್ನೂ ಹುಷಾರಾಗಿ ಮುಟ್ಟಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ನಮ್ಮಲ್ಲಿ ಎಷ್ಟು ಜನರ ಜನ್ಮದಿನವಲ್ಲ! ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಜೀವನವಿಡೀ ತಾನು 1900ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು ಹುಟ್ಟಿದವನು ಎನ್ನುತ್ತಿದ್ದ. ಆತ ಸತ್ತ ಎಷ್ಟೋ ವರ್ಷಕ್ಕೆ ಇಗರ್ಜಿಯ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು: 1901ರ ಆಗಸ್ಟ್ 4. (ಕಿಶೋರ್ ಹುಟ್ಟಿದ್ದೂ ಆಗಸ್ಟ್ 4, 1929ರಲ್ಲಿ. ಫೋನ್ ಮಾಡುವ ಚಟ ಬಿಟ್ಟಿದ್ದೇನೆ.) ಇಳಯರಾಜ ಹುಟ್ಟಿದ್ದು ಜೂನ್ 3ರಂದು. ಅದು ಕರುಣಾನಿಧಿಯವರ ಹುಟ್ಟುಹಬ್ಬವೆಂದು ತಮ್ಮದನ್ನು ಜೂನ್ 2ಕ್ಕೆ ಸರಿಸಿಕೊಂಡರು.

ಅಕ್ಟೋಬರ್ 13ಕ್ಕೆ ನೀವು ಒಂದೇ ಹೆಸರನ್ನು ಇಟ್ಟುಕೊಳ್ಳಬೇಕೆಂದರೆ ನಾನು ಹೇಳುವುದು ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್. ಹುಟ್ಟಿದ್ದು 1948ರಲ್ಲಿ, ಆಗ ಲಾಯಲ್‌ಪುರ ಎನ್ನುತ್ತಿದ್ದ ಈಗಿನ ಫೈಸಲಾಬಾದಿನಲ್ಲಿ. ಮನೆತನ ಜಲಂಧರದ್ದು, ದೇಶ ಇಬ್ಭಾಗವಾದಾಗ ಆಚೆ ಹೋದದ್ದು. ಹೊಸಬರು ಇವರನ್ನು ಸಿನಿಮಾ ಹಾಡಿನಿಂದ ಅಥವಾ ಯಾರೋ ಬೀಟ್ ಸೇರಿಸಿದ ರೀಮಿಕ್ಸ್‌ನಿಂದ ಶುರುಮಾಡುತ್ತಾರೆ, ನಾನೂ ಹಾಗೇ ಮಾಡಿ ನಾಲ್ಕು ವರ್ಷ ಕಳೆದೆ. 1985ರಲ್ಲಿ ಇಂಗ್ಲೆಂಡಿನ ಮರ್ಸಿ ದ್ವೀಪದ ವೊಮ್ಯಾಡ್ ಉತ್ಸವದಲ್ಲಿ ಹಾಡಿದ್ದರ ಧ್ವನಿಮುದ್ರಣ 2019ರಲ್ಲಿ ಹೊರಬಂದಿದೆ. ಅದನ್ನು ಹಾಕಿ. ಭಾಷೆ ತಿಳಿಯದ ಬಿಳಿಯರ ಮುಂದೆ ಬಡಾವಣೆಯ ದರ್ಗಾದಲ್ಲಿ ಕೂತಷ್ಟೇ ನಿಶ್ಚಿಂತೆಯಿಂದ ಹಾಡುತ್ತಾರೆ.

ಶುರುವಿನ ಹಾರ್ಮೋನಿಯಂ, ಆಲಾಪಗಳನ್ನು ಹಾರಿಸಬೇಡಿ. ಒಂದು ಸಾಲು ಬರುತ್ತದೆ, ಅದನ್ನೇ ತಿರುಗಿಸುತ್ತಾರೆ, ಹಿಂದೆ ಕೂತ ಸಾಲು ಅದನ್ನೇ ಎತ್ತಿಕೊಳ್ಳುತ್ತದೆ. ಇಷ್ಟು ಹೊತ್ತಿಗೆ ಬೇಸರ ಬಂದರೂ ತಡೆದುಕೊಳ್ಳಿ. ಚಪ್ಪಾಳೆ ತಬಲಾದ ಜೊತೆ ಬಿಗಿಯುತ್ತದೆ. ಕಿವಿಯನ್ನು ಹಾಡುವವನಿಂದ ತೆಗೆದು ಆ ಚಪ್ಪಾಳೆಯ ಮೇಲಿಡಿ, ಅದು ಗಡಿಯಾರದ ಹಾಗೆ. ಅದು ಅಷ್ಟು ಗಟ್ಟಿಯಾಗಿರುವುದರಿಂದಲೇ ನುಸ್ರತ್ ಇದ್ದಕ್ಕಿದ್ದಂತೆ ಪದ ಬಿಟ್ಟು ಸರಿಗಮಕ್ಕೆ ನೆಗೆಯಬಲ್ಲರು. ಕಲ್ಪನಾಸ್ವರ ಕೇಳಿ ಬೆಳೆದವರಿಗೆ ಇಲ್ಲೊಂದು ಬಾಗಿಲು ತಟ್ಟನೆ ತೆರೆಯುತ್ತದೆ. ನಮ್ಮ ವಿದ್ವಾಂಸರು ಲೆಕ್ಕ ಹಾಕಿ ಸಮಕ್ಕೆ ತಂದು ಕೂರಿಸುವ ಸ್ವರಗಳನ್ನು ಇವರು ಹಿಡಿ ತುಂಬ ಎತ್ತಿ ಎರಚುತ್ತಾರೆ, ಎಲ್ಲೋ ಬಿದ್ದವು ಅಂದುಕೊಳ್ಳುವಷ್ಟರಲ್ಲಿ ಚಪ್ಪಾಳೆಗೆ ಸರಿಯಾಗಿ ಮೊದಲ ಸಾಲಿಗೆ ಬಂದಿರುತ್ತಾರೆ. ಮೂರನೇ ಸಲ ಹೀಗಾದಾಗ ನಿಮ್ಮ ಬಾಯಿಂದ ‘ಭಲೇ’ ಬಂದರೆ ಕವ್ವಾಲಿ ಹಿಡಿಸಿತು ಎಂದರ್ಥ. ಅವರು ಹೋದದ್ದು 48ನೇ ವಯಸ್ಸಿಗೆ, 1997ರ ಆಗಸ್ಟ್‌ನಲ್ಲಿ, ಲಂಡನ್ನಿನ ಆಸ್ಪತ್ರೆಯಲ್ಲಿ.

ಇಷ್ಟನ್ನೂ ಒಂದೇ ರಾತ್ರಿ ಕೇಳಲು ಹೋಗಬೇಡಿ, ಅಜೀರ್ಣವಾಗುತ್ತದೆ. ಈ ವರ್ಷ ಅಣ್ಣತಮ್ಮ, ಬರುವ ವರ್ಷ ನುಸ್ರತ್. ಟೇಟಮ್‌ನನ್ನು ಯಾವಾಗ ಬೇಕಾದರೂ ಸೇರಿಸಬಹುದು, ಮೂರೇ ನಿಮಿಷದ ಕೆಲಸ.

ಮಲಗುವ ಮುಂಚೆ ಮಾತ್ರ ಒಂದು ಹಾಡು ಕಡ್ಡಾಯ. 1972ರಲ್ಲಿ ದ್ವಾರಕೀಶ್ ನಾಯಕರಾಗಿದ್ದ ‘ಕುಳ್ಳ ಏಜೆಂಟ್ 000’ ಚಿತ್ರಕ್ಕೆ ರಾಜನ್-ನಾಗೇಂದ್ರ ಕಿಶೋರ್ ಕೈಯಲ್ಲಿ ಒಂದು ಹಾಡು ಹಾಡಿಸಿದರು, ಸಾಹಿತ್ಯ ಚಿ. ಉದಯಶಂಕರ್ ಅವರದು. ಉಚ್ಚಾರಣೆಯ ತಪ್ಪು ಹುಡುಕುತ್ತಾ ಕೂರಬೇಡಿ, ಆ ಲವಲವಿಕೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಕಿಶೋರ್ ಕನ್ನಡದಲ್ಲಿ ಹಾಡಿದ್ದು ಅದೊಂದೇ.